ಕಲಿಸಿಕೊಟ್ಟ ಮಾತು

ಗಂಡಿನ ಕಡೆಯವರು ಬರುವ ಮೊದಲು ವಸುಮತಿ ಅವ್ವನನ್ನು ಅಡುಗೆಮನೆಗೆ ಕರೆದು ಹೇಳಿಕೊಟ್ಟಳು.

"ಅವ್ರು ಏನೇ ಅಂದ್ರೂ ನಕ್ಕು ‘ನೈಸ್’ ಅನ್ನು, ಸಾಕು. ನಿನ್ ಹಳ್ಳಿ ಮಾತು ತೆಗೀಬೇಡ."

"ಹಂಗಂದ್ರೇನ್ ಮಗ?"

"ಚೆನ್ನಾಗೈತೆ ಅಂತ."

ಹಿಂದೆ ಆ ಪದಕ್ಕೆ ‘ಏನೂ ತಿಳಿಯದವರು’ ಎಂಬ ಅರ್ಥವಿತ್ತೆಂದು ಇಂಗ್ಲಿಷ್ ಎಂ.ಎ. ಓದುವಾಗ ಅವಳು ಕಲಿತಿದ್ದಳು. ಅವ್ವನ ಮುಖ ನೋಡಲಾಗದೆ ಲೋಟಗಳನ್ನು ಒರೆಸತೊಡಗಿದಳು.

ಗಂಡಿನ ತಾಯಿ ರೇಷ್ಮೆ ಸೀರೆ ಉಟ್ಟು, ಕೈಗಡಿಯಾರ ಕಟ್ಟಿ, ಮಗನ ಜೊತೆ ಬಂದು ಕೂತರು. ಉಪ್ಪಿಟ್ಟು ಬಾಯಿಗಿಟ್ಟು "ನೈಸ್" ಅಂದರು. ಅವ್ವನೂ "ನೈಸ್" ಅಂದಳು. ಗೋಡೆಯ ಫೋಟೊ ನೋಡಿ ಮತ್ತೆ "ನೈಸ್" ಅಂದರು. ಅವ್ವನೂ ಬಿಡಲಿಲ್ಲ. ಈ ಇಂಗ್ಲಿಷಿನವರ ಮುಂದೆ ಅವ್ವನ ಬಂಡವಾಳ ಇನ್ನೇನು ಬಯಲಾಗುತ್ತದೆ, ಸಂಬಂಧ ಕೈತಪ್ಪುತ್ತದೆ ಎಂದು ವಸುಮತಿ ನಾಚಿಕೆಯಿಂದ ಹಿಡಿಯಾದಳು.

ಗಂಡು ಫೋನ್ ಬಂತೆಂದು ಹೊರಗೆ ಹೋದ. ಕಾಫಿ ತರಲು ಒಳಗೆ ಹೋದ ವಸುಮತಿಗೆ ಪರದೆಯಾಚೆ ಗಂಡಿನ ತಾಯಿಯ ಪಿಸುಮಾತು ಕೇಳಿಸಿತು:

"ನಿಮ್ ಮಗಳೂ ಇದೊಂದೇ ಕಲ್ಸಿರೋದಾ ಅಕ್ಕ? ನನ್ ಮಗನೂ ಅಷ್ಟೇ."