ಶ್ರಾವಣದ ಮೌನವ್ರತ

ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಶಿವಲೀಲಕ್ಕ ಒಂದು ಸಂಘ ಕಟ್ಟಿ, ಕೂಸಿನ ಮನೆ ನಡೆಸುತ್ತಿದ್ದರು. ಸಂಘದ ಸಭೆಯಲ್ಲಿ ವಚನ ಹಾಡುವಾಗ ಎಲ್ಲರ ದನಿಯೂ ಕೂಡುತ್ತಿತ್ತು. ಆಮೇಲೆ ಕೇಳುತ್ತಿದ್ದುದು ಅವರೊಬ್ಬರದೇ. ಉಳಿದವರು ತಲೆಯಾಡಿಸುತ್ತಿದ್ದರು.

"ನನ್ನ ಹಿಂದ ಈ ಸಂಘ ಉಳೀತೈತೇನ್ರಿ, ಅಜ್ಜಾರ?" ಎಂದು ಒಂದು ದಿನ ಅವರು ಮಠದ ಸ್ವಾಮಿಗಳನ್ನು ಕೇಳಿದರು.

"ಶ್ರಾವಣ ಮುಗಿಯೂತನಕ ಸಭಾದಾಗ ಮೌನವ್ರತ ಹಿಡಿಯವ್ವಾ," ಎಂದರು ಸ್ವಾಮಿಗಳು. "ಮುಂದಿಂದು ಶಿವ ನೋಡಿಕೋತಾನ."

ಮೊದಲ ಸಭೆಯಲ್ಲೇ ಕಷ್ಟ ಎದುರಾಯಿತು. ಕೂಸಿನ ಮನೆಯ ಮಾಡು ಸೋರುತ್ತಿತ್ತು, ಬೇರೆ ಜಾಗ ಹುಡುಕಬೇಕಿತ್ತು. ಶಿವಲೀಲಕ್ಕ ಬಾಯಿ ತೆರೆದದ್ದೇ ತಡ, ಪಕ್ಕದಲ್ಲಿದ್ದ ಕಾಶವ್ವ ಅದರೊಳಗೆ ಒಂದು ಶೇಂಗಾ ಚಿಕ್ಕಿ ಇಟ್ಟುಬಿಟ್ಟಳು.

"ವ್ರತ ಕೆಡ್ತೈತ್ರಿ, ಅಕ್ಕಾರ. ಇದನ್ನ ಕಡೀರಿ."

ಅವರು ಚಿಕ್ಕಿ ಕಡಿಯುತ್ತ ಕುಳಿತರು. ಹೆಂಗಸರು ಜಗಳವಾಡಿದರು, ನಕ್ಕರು, ಮತ್ತೆ ಜಗಳವಾಡಿದರು. ಮರುದಿನ ಎಲ್ಲರೂ ಸೇರಿ ನೇಕಾರರ ಸೊಸೈಟಿಗೆ ಹೋಗಿ, ಖಾಲಿ ಬಿದ್ದಿದ್ದ ಕೋಣೆಯೊಂದನ್ನು ಕೇಳಿ ಪಡೆದರು. ಸುಣ್ಣ ಹೊಡೆದು ತೊಟ್ಟಿಲುಗಳನ್ನು ಸಾಗಿಸಿದರು. ಮಕ್ಕಳನ್ನು ನೋಡಿಕೊಳ್ಳುವ ಪಾಳಿಯನ್ನೂ ತಾವೇ ಗೊತ್ತುಮಾಡಿಕೊಂಡರು.

ಶ್ರಾವಣ ಮುಗಿದ ಮೇಲಿನ ಸಭೆಯಲ್ಲಿ ಶಿವಲೀಲಕ್ಕನ ಕಣ್ಣು ತುಂಬಿ ಬಂದಿತ್ತು.

"ನಾ ಇಲ್ಲದಿದ್ರೂ ನೀವು ನಡಸ್ತೀರಿ. ಅಜ್ಜಾರು ಎಂಥಾ ವ್ರತ ಕೊಟ್ರು ನೋಡ್ರೆವ್ವಾ. ಅವರಿಗೆ ಇದು ಹೆಂಗ ಹೊಳೀತೋ ಏನೋ."

ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಕಾಶವ್ವ ಇನ್ನೊಂದು ಚಿಕ್ಕಿಯನ್ನು ಮುಂದೆ ಚಾಚಿದಳು.

"ನಿಮಗಿಂತ ಮೊದಲ ನಾವೆಲ್ಲಾ ಮಠಕ್ಕ ಹೋಗಿದ್ವಿ, ಅಕ್ಕಾರ. ನಿಮ್ಮನ್ನ ಒಂದು ತಿಂಗಳ ಸುಮ್ಮನ ಕುಂದರಸ್ರಿ ಅಂತ ಬೇಡಿಕೊಳ್ಳಾಕ."