ಬಸ್ಸಿನ ಹಿಂದೆ ಬರುವವನು

ನಾನು ಕೆಲಸ ಮಾಡುವ ಟೈಲರ್ ಅಂಗಡಿಯ ಒಡತಿಯನ್ನು ಅಕ್ಕ ಎಂದೇ ಕರೆಯುತ್ತೇನೆ. ಅಂಗಡಿಯ ಕನ್ನಡಿಯ ಮೇಲೆ ಅವಳು ತನ್ನ ಮೆಚ್ಚಿನ ನಟನ ಫೋಟೊ ಅಂಟಿಸಿದ್ದಾಳೆ. ಆವತ್ತು ಬೆಳಿಗ್ಗೆ ರವಿಕೆ ಒಯ್ಯಲು ಬಂದ ಟೀಚರ್ ಅದನ್ನು ನೋಡಿ ಮೂಗು ಮುರಿದರು.

"ಹೊಸ ಸಿನಿಮಾದಲ್ಲಿ ಎಂಥ ಪಾತ್ರ ಮಾಡಿದಾನ್ರೀ ಇವನು? ಬೇಡ ಅಂದ ಹುಡುಗಿ ಹಿಂದೆ ವರ್ಷಗಟ್ಲೆ ಅಲೀತಾನೆ."

ಅಕ್ಕ ಕತ್ತರಿ ಕೆಳಗಿಟ್ಟಳು. "ಒಂದು ದಿನವಾದ್ರೂ ಮೈ ಮುಟ್ಟಿದ್ನಾ ಮೇಡಂ? ಫೈಟಿಲ್ಲ, ಡ್ಯಾನ್ಸಿಲ್ಲ, ಬರೀ ಕಾಯೋನ ಪಾತ್ರ. ಇಂಥದ್ದನ್ನ ಒಪ್ಕೊಳ್ಳೋಕೆ ಗುಂಡಿಗೆ ಬೇಕು."

"ಆ ಹುಡುಗಿ ಹೆದರಿ ಸಾಯ್ತಾಳಲ್ಲ, ಅದು ಕಾಣ್ಲಿಲ್ವಾ ನಿಮಗೆ?"

"ನಾಲ್ಕು ಸಲ ನೋಡಿದೀನಿ. ನಾಲ್ಕು ಸಲಾನೂ ಅವನಿಗೋಸ್ಕರನೇ ಅತ್ತಿದೀನಿ."

ನಾನು ತಲೆ ತಗ್ಗಿಸಿ ರವಿಕೆಗೆ ಹುಕ್ ಹಾಕುತ್ತಿದ್ದೆ. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಒಂದು ತಿಂಗಳಿಂದ ಹೆಲ್ಮೆಟ್ ಹಾಕಿಕೊಂಡ ಒಬ್ಬ ಬೈಕಿನಲ್ಲಿ ನನ್ನ ಬಸ್ಸಿನ ಹಿಂದೆಯೇ ಬರುತ್ತಿದ್ದ. ಮನೆಯಲ್ಲಿ ಹೇಳಿದರೆ ಶಾಲೆ ಬಿಡಿಸಿದ ಹಾಗೆ ಕೆಲಸವನ್ನೂ ಬಿಡಿಸುತ್ತಾರೆ. ಆವತ್ತು ಅಕ್ಕನಿಗೆ ಹೇಳಲೇಬೇಕೆಂದು ಬಂದಿದ್ದೆ.

ಟೀಚರ್ ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. "ಏನೋ ಹೇಳ್ಬೇಕು ಅಂದ್ಯಲ್ಲ, ಏನೇ ಅದು?"

"ಅಕ್ಕಾ, ದಾರೀಲಿ ಒಬ್ಬ..." ಎಂದೆ.

ಅಕ್ಕ ಹತ್ತಿರ ಬಂದು ನನ್ನ ತಲೆ ಸವರಿದಳು.

"ಗೊತ್ತು ಕಣೆ. ಎಂಟೂವರೆ ಬಸ್ಸು ಬಿಟ್ಟು ಒಂಬತ್ತರ ಬಸ್ಸಿಗೆ ಬರ್ತಿದೀಯಂತೆ. ನನ್ನ ತಮ್ಮನ್ನ ಇನ್ನೂ ಎಷ್ಟು ದಿನ ಹಿಂಗೆ ಕಾಯಿಸ್ತೀಯಾ?"