ಹುಟ್ಟಿಗೊಂದು ಗುಂಡು

ಕೊಡಗಿನ ಆ ಊರಿನಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು ಹಾರಿಸುವರು, ಸಾವಾದರೆ ಎರಡು. ಮೊಮ್ಮಗ ಹುಟ್ಟಿದರೆ, ಮಾತು ಬಿಟ್ಟು ಎದುರು ಗುಡ್ಡ ಸೇರಿದ್ದ ತಮ್ಮನಿಗೂ ಕೇಳಿಸಲೆಂದು ಮುದ್ದಯ್ಯ ಕೊಂಡ ಹೊಸ ಜೋಡುನಳಿಗೆಯ ಕೋವಿ, ಮೊದಲೇ ಪರೀಕ್ಷಿಸಿ ನೋಡಿದಾಗ, ಸಿಡಿಯಲೇ ಇಲ್ಲ.

"ಗ್ಯಾರಂಟಿ ಉಂಟಲ್ಲ?" ಎಂದು ಕೋವಿಯನ್ನು ಅಂಗಡಿಗೆ ಒಯ್ದು ಕೇಳಿದ.

"ಉಂಟು ಸಾರ್. ಕಂಪನಿಯವರು ಬರಬೇಕು. ಮುಂದಿನ ತಿಂಗಳು ನೋಡುವ," ಎಂದ ಅಂಗಡಿಯವ.

"ಮಗು ನಿನ್ನ ಮುಂದಿನ ತಿಂಗಳಿಗೆ ಕಾಯ್ತದಾ ಮಾರಾಯ?"

ಕಾಯಲಿಲ್ಲ, ಮೊಮ್ಮಗ ಹುಟ್ಟಿದ. ಒಂದಾದರೂ ಹಾರಲೆಂದು ಮುದ್ದಯ್ಯ ಎರಡೂ ನಳಿಗೆಗೆ ತೋಟಾ ತುಂಬಿದ. ಒಂದರ ಹಿಂದೊಂದು ಎರಡೂ ಹಾರಿಬಿಟ್ಟವು.

ಎಲ್ಲರಿಗಿಂತ ಮೊದಲು ಅಳುತ್ತ ಓಡಿಬಂದವನು ತಮ್ಮ. "ಅಣ್ಣಾ, ನೀನೇ ಹೋದೆ ಅಂದ್ಕೊಂಡೆ!" ಎಂದು ತಬ್ಬಿಕೊಂಡ.

ಮರುದಿನ ಅಂಗಡಿಯವನ ಫೋನು: "ಕಂಪನಿಯವರು ಬಂದಿದ್ದಾರೆ ಸಾರ್, ಕೋವಿ ತನ್ನಿ."

"ಅದಕ್ಕೇನಾಗಿದೆ ಮಾರಾಯ?" ಎಂದ ಮುದ್ದಯ್ಯ. "ಚೆನ್ನಾಗೇ ಉಂಟು."